ಕಂಬನಿಯ ಆಚೆಗೆ ಉಳಿದವಳು

ಮಲಯಾಳದ ಕವಿ ನಾಲಪ್ಪಾಟ್ ನಾರಾಯಣ ಮೇನೋನ್ ಅವರು ಪತ್ನೀವಿಯೋಗದ ದುಃಖದಲ್ಲಿ ಬರೆದ ವಿಲಾಪಕಾವ್ಯದ ಹೆಸರು ‘ಕಣ್ಣುನೀರ್ತ್ತುಳ್ಳಿ’. ಅದು ಪ್ರಕಟವಾದುದು 1924ರಲ್ಲಿ. ಕನ್ನಡದ ಕಥೆಗಾರ್ತಿ ಕೊಡಗಿನ ಗೌರಮ್ಮನವರ ಕಥಾಸಂಕಲನದ ಹೆಸರು ‘ಕಂಬನಿ’. ಕಣ್ಣು ಮತ್ತು ಪನಿ ಸೇರಿ ಕಂಬನಿಯಾಯಿತು. ಪನಿಯೆಂದರೆ ಹನಿ. ಮಲಯಾಳದ ‘ತುಳ್ಳಿ’ಯೂ ಹನಿಯೇ. ಎರಡು ಭಾಷೆಗಳು, ಎರಡು ಪುಸ್ತಕಗಳು, ಹೆಸರು ಮಾತ್ರ ಒಂದೇ. ಎರಡೂ ಭಾಷೆಗಳನ್ನು ಒಂದೇ ಅಂಗಳದಲ್ಲಿ ಕೇಳುತ್ತ ಬೆಳೆದ ನಮ್ಮಂಥವರಿಗೆ ಇದು ಸಹಜವಾಗಿಯೇ ಕಣ್ಣಿಗೆ ಬೀಳುವ ಸಂಗತಿ. ಆದರೆ ಹೆಸರಿನ ಈ ಸಾಮ್ಯದ ಹಿಂದೆ ದೊಡ್ಡದೊಂದು ಭೇದವಿದೆ. ಮೊದಲನೆಯದರಲ್ಲಿ ಅಕಾಲದಲ್ಲಿ ತೀರಿಕೊಂಡ ಹೆಣ್ಣಿಗಾಗಿ ಗಂಡಸೊಬ್ಬ ಅತ್ತಿದ್ದಾನೆ. ಎರಡನೆಯದರಲ್ಲಿ ಲೋಕದ ಹೆಣ್ಣುಗಳ ಕಣ್ಣೀರನ್ನು ಬರೆದವಳೇ ಅಕಾಲದಲ್ಲಿ ತೀರಿಕೊಂಡು, ತಾನೂ ಇತರರ ಕಣ್ಣೀರಿಗೆ ವಸ್ತುವಾದಳು. ಈ ಭೇದವನ್ನು ಹಿಡಿದು, ಎಳೆಯ ವಯಸ್ಸಿನಲ್ಲಿ ಅಗಲಿದ ಹೆಣ್ಣನ್ನು ನಮ್ಮ ಸಾಹಿತ್ಯ ಹೇಗೆ ನೆನೆಯುತ್ತ ಬಂದಿದೆ, ಆ ನೆನಪಿನಲ್ಲಿ ಅವಳು ಎಷ್ಟರಮಟ್ಟಿಗೆ ಉಳಿದಿದ್ದಾಳೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದು ಪುಸ್ತಕದ ಪ್ರಶ್ನೆ ಮಾತ್ರವಲ್ಲ. ನಮ್ಮ ಊರುಗಳಲ್ಲಿ ನುಡಿನಮನದ ಸಭೆಗಳು ನಡೆಯುತ್ತವೆ, ಸ್ಮರಣ ಸಂಚಿಕೆಗಳು ಬರುತ್ತವೆ. ಮೂವತ್ತು ದಾಟದ ಹೆಣ್ಣುಮಗಳೊಬ್ಬಳು ತೀರಿಕೊಂಡಾಗ ಅಲ್ಲಿ ಹೇಳುವ ಮಾತುಗಳನ್ನು ಗಮನಿಸಬೇಕು. ನಗುಮೊಗದವಳು, ಎಲ್ಲರಿಗೂ ಬೇಕಾದವಳು, ಮನೆಯ ಬೆಳಕು, ಹಿರಿಯರ ಮಾತಿಗೆ ಎದುರಾಡದವಳು. ಸುಳ್ಳೆಂದು ಹೇಳುವಂತಿಲ್ಲ. ದುಃಖದಲ್ಲಿ ನಾಲಿಗೆಗೆ ಬರುವ ಮಾತುಗಳು ಇವೇ. ಆದರೆ ಹೆಸರೊಂದನ್ನು ಬದಲಿಸಿದರೆ ಅದೇ ಮಾತು ಇನ್ನೊಬ್ಬಳಿಗೂ ಹೊಂದುತ್ತದೆ. ಎಲ್ಲರಿಗೂ ಹೊಂದುವ ಮಾತಿನಲ್ಲಿ ಯಾರೂ ಉಳಿಯುವುದಿಲ್ಲ. ಅವಳು ಏನನ್ನು ಓದುತ್ತಿದ್ದಳು, ಯಾವ ವಿಷಯಕ್ಕೆ ಜಗಳವಾಡುತ್ತಿದ್ದಳು, ಏನಾಗಬೇಕೆಂದು ಬಯಸಿದ್ದಳು ಎಂಬುದು ಮಾಲೆ ಹಾಕಿದ ಭಾವಚಿತ್ರದ ಹಿಂದೆ ಮರೆಯಾಗುತ್ತದೆ. ಸಾಹಿತ್ಯವು ಇದಕ್ಕಿಂತ ಉತ್ತಮವಾಗಿ ನೆನೆದಿದೆಯೇ?

ಮೊದಲಿಗೆ ನಮ್ಮ ಜನಪದರತ್ತ ನೋಡೋಣ. ಕನ್ನಡದ ‘ಕೆರೆಗೆ ಹಾರ’ ಕಥನಗೀತವನ್ನು ಅರಿಯದವರು ಕಡಿಮೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ. ನೀರು ಬರಲಿಲ್ಲ. ಸೊಸೆಯನ್ನು ಹಾರ ಕೊಡಬೇಕೆಂದಾಯಿತು. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವಾಗುತ್ತಾರೆ, ಆದ್ದರಿಂದ ಕಿರಿಸೊಸೆ ಭಾಗೀರತಿ. ಶಾಲೆಯಲ್ಲಿ ಈ ಹಾಡನ್ನು ತ್ಯಾಗದ ಕತೆಯಾಗಿ ಕಲಿಸಿದ್ದುಂಟು. ಆದರೆ ಹಾಡನ್ನು ನಿಧಾನವಾಗಿ ಓದಿದವರಿಗೆ ಬೇರೊಂದು ಸಂಗತಿ ಕಾಣುತ್ತದೆ. ಸುದ್ದಿ ತಿಳಿದ ಭಾಗೀರತಿ ತವರಿಗೆ ಹೋಗುತ್ತಾಳೆ. ಹೆತ್ತವರೆದುರು ನಿಜ ಹೇಳಲಾರದೆ, ಅತ್ತೆಮಾವ ತನ್ನನ್ನು ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ನಿಜವನ್ನು ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಆ ಗೆಳತಿಗೂ ಇಟ್ಟಂತೆ ಇರಬೇಕು ಎಂಬುದರಾಚೆಗೆ ಹೇಳಲು ಮಾತಿಲ್ಲ. ಮುಂದೆ ಕೆರೆಯಲ್ಲಿ ಮರೆತುಬಂದ ಬಂಗಾರದ ಬಟ್ಟಲನ್ನು ತರಲು ಅವಳೇ ಹೋಗಬೇಕಾಗುತ್ತದೆ. ಒಂದೊಂದು ಮೆಟ್ಟಿಲಿಗೂ ನೀರು ಏರುತ್ತದೆ. ಹಾಡುವ ಹೆಂಗಸರು ಇಲ್ಲೆಲ್ಲಿಯೂ ‘ಅಯ್ಯೋ’ ಎಂದು ಅಳಿಸುವುದಿಲ್ಲ. ಯಾರು ಏನೆಂದರು, ಯಾರು ಸುಮ್ಮನಿದ್ದರು ಎಂಬುದನ್ನು ಮಾತ್ರ ಸಾಲಾಗಿ ಹೇಳುತ್ತಾರೆ. ಸುಮ್ಮನಿದ್ದವರ ಪಟ್ಟಿಯೇ ಆ ಹಾಡಿನ ನಿಜವಾದ ಆರೋಪಪಟ್ಟಿ. ಭಾಗೀರತಿ ಕೇಳಿದ್ದೇನು, ಅವಳಿಗೆ ದೊರೆತ ಉತ್ತರವೇನು ಎಂಬುದು ಉಳಿದಿರುವುದರಿಂದಲೇ ಅವಳು ಉಳಿದಿದ್ದಾಳೆ. ‘ತ್ಯಾಗಮಯಿ’ ಎಂಬ ಪದ ಬಂದು ಆ ಮಾತುಗಳ ಮೇಲೆ ಕೂತದ್ದು ಅನಂತರ.

ಇನ್ನು ನಮ್ಮ ತೆಂಕಣ ನೆರೆಯಲ್ಲಿ, ಕಾಸರಗೋಡಿನಿಂದ ಕಣ್ಣೂರಿನವರೆಗೂ ಹಬ್ಬಿರುವ ಮುಚ್ಚಿಲೋಟ್ಟು ಭಗವತಿಯ ತೆಯ್ಯಂ ಕತೆ. ಅವಳು ವಿದ್ಯಾವತಿಯಾದ ಬ್ರಾಹ್ಮಣ ಕನ್ಯೆ. ಪಂಡಿತರನ್ನು ವಾದದಲ್ಲಿ ಗೆದ್ದವಳು. ನೋವುಗಳಲ್ಲಿ ದೊಡ್ಡದು ಯಾವುದು, ಸುಖಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದಾಗ ಹೆರಿಗೆಯ ನೋವು ಮತ್ತು ಕಾಮದ ಸುಖ ಎಂದಳು. ಮದುವೆಯಾಗದ ಹುಡುಗಿಗೆ ಇದು ಹೇಗೆ ತಿಳಿಯಿತು ಎಂದು ಸೋತವರು ಅಪವಾದ ಹೊರಿಸಿ ಭ್ರಷ್ಟಳೆಂದು ಹೊರಹಾಕಿದರು. ಅವಳು ಕರಿವೆಳ್ಳೂರಿನ ದಾರಿಯಲ್ಲಿ ಬಂದು ಬೆಂಕಿಗೆ ಹಾರಿದಳು. ವಾಣಿಯ ಜಾತಿಯ ಎಣ್ಣೆಯವನೊಬ್ಬ ಆ ಬೆಂಕಿಗೆ ಎಣ್ಣೆ ಹೊಯ್ದ. ಅವರ ಕುಲದವರೇ ಅವಳನ್ನು ಭಗವತಿಯಾಗಿ ನಂಬಿದರು. ಕಳಿಯಾಟದ ದಿನ ಅವಳು ಉತ್ತಮಪುರುಷದಲ್ಲಿ ಮಾತಾಡುತ್ತಾಳೆ, ಊರಿಗೆ ಊರೇ ಕೈಮುಗಿದು ನಿಲ್ಲುತ್ತದೆ. ಸತ್ತವಳಿಗೆ ಮತ್ತೆ ಬಾಯಿ ಕೊಟ್ಟ ಕಲೆ ಇದು. ಯಾವ ವಿಲಾಪಕಾವ್ಯವೂ ಇಷ್ಟು ದೂರ ಹೋಗಿಲ್ಲ. ಆದರೆ ಇಲ್ಲಿಯೂ ಒಂದು ತೊಡಕಿದೆ. ಅವಳು ದೇವಿಯಾದೊಡನೆ ಅವಳ ಉತ್ತರ ಪವಾಡದ ಭಾಗವಾಗಿಬಿಡುತ್ತದೆ. ಓದಿನಿಂದಲೂ ಯೋಚನೆಯಿಂದಲೂ ಹೆಣ್ಣೊಬ್ಬಳು ಆ ಉತ್ತರಕ್ಕೆ ಬಂದಿರಬಹುದೆಂಬುದನ್ನು ಅಂದಿನ ಪಂಡಿತರು ಒಪ್ಪಲಿಲ್ಲ. ಪೂಜಿಸುವ ನಾವೂ ಅದನ್ನು ನೆನೆಯುವುದು ಕಡಿಮೆ. ಬೈದವರೂ ಕೈಮುಗಿದವರೂ ಅವಳ ಬುದ್ಧಿಯ ಮುಂದೆ ನಿಲ್ಲದೆ ಹಾದುಹೋದರು.

ಹೀಗೆ ಜನಪದವು ನಮಗೆ ಎರಡು ಮಾದರಿಗಳನ್ನು ಕೊಟ್ಟಿದೆ. ಒಂದು, ನಡೆದದ್ದನ್ನು ನಡೆದಂತೆ ಹೇಳಿ ಸುಮ್ಮನಾಗುವುದು. ಇನ್ನೊಂದು, ಸತ್ತವಳನ್ನು ಎತ್ತರದಲ್ಲಿ ಕೂರಿಸುವುದು. ಆಧುನಿಕ ಕವಿಗಳು ಈ ಎರಡರ ನಡುವೆಯೇ ತೊಳಲಾಡಿದ್ದಾರೆ.

ನಾಲಪ್ಪಾಟರ ‘ಕಣ್ಣುನೀರ್ತ್ತುಳ್ಳಿ’ ಮಲಯಾಳದ ವಿಲಾಪಕಾವ್ಯಗಳಲ್ಲಿ ಅಗ್ರಗಣ್ಯವೆಂದು ಹೆಸರಾದುದು. ಕುಮಾರನ್ ಆಶಾನ್ ಅವರು ಎ.ಆರ್. ರಾಜರಾಜವರ್ಮರ ಮರಣಕ್ಕೆ ‘ಪ್ರರೋದನಂ’ ಬರೆದದ್ದು 1919ರಲ್ಲಿ. ಅಲ್ಲಿ ಸತ್ತವರು ವಿದ್ವಾಂಸರು, ಅವರ ಸಾಧನೆ ಲೋಕಕ್ಕೆ ತಿಳಿದದ್ದು. ಆದ್ದರಿಂದ ಅವರನ್ನು ನೆನೆಯುವಾಗ ಕವಿಗೆ ಅವರ ಕೆಲಸದ ಆಧಾರವಿತ್ತು. ನಾಲಪ್ಪಾಟರು ನೆನೆದವಳಾದರೋ ಮನೆಯೊಳಗಿನ ಹೆಣ್ಣು. ಅವಳ ಬದುಕಿಗೆ ಹೊರಗಿನ ಸಾಕ್ಷಿಗಳಿಲ್ಲ, ಪತಿಯ ಸ್ಮೃತಿಯೊಂದೇ ಸಾಕ್ಷಿ. ಕವಿ ಸಖ್ಯದ ನೆನಪಿನಿಂದ ಹೊರಟು, ಹುಟ್ಟು ಸಾವುಗಳ ರಹಸ್ಯ, ಅನಂತವಾದ ವಿಶ್ವದ ಮುಂದೆ ಮನುಷ್ಯನ ಅಲ್ಪತೆ ಎಂಬ ಚಿಂತನೆಗೆ ಏರುತ್ತಾರೆ. ಆ ಏರಿಕೆಯೇ ಕಾವ್ಯದ ಹಿರಿಮೆ. ಟೆನಿಸನ್ನನ ‘ಇನ್ ಮೆಮೋರಿಯಂ’ ಜೊತೆ ಇದನ್ನು ಹೋಲಿಸಿದ್ದೂ ಆ ಕಾರಣಕ್ಕಾಗಿಯೇ. ಆದರೆ ಕವಿ ಏರಿದಷ್ಟೂ ಅವಳು ಚಿಕ್ಕದಾಗುತ್ತ ಹೋಗುತ್ತಾಳೆ ಎಂಬುದನ್ನೂ ಹೇಳಬೇಕು. ಶಿಖರದಿಂದ ನೋಡುವವನಿಗೆ ಕಣಿವೆಯ ಮನೆ ಕಾಣುವಂತೆ ಅವಳು ಕಾಣುತ್ತಾಳೆ. ಓದಿ ಮುಗಿಸಿದಾಗ ದುಃಖದ ಸ್ವರೂಪ ನಮಗೆ ತಿಳಿದಿರುತ್ತದೆ, ದುಃಖಕ್ಕೆ ಕಾರಣಳಾದವಳು ತಿಳಿದಿರುವುದಿಲ್ಲ. ಇದು ಕವಿಯ ಶಕ್ತಿಯ ಕೊರತೆಯಲ್ಲ, ಆ ಕಾವ್ಯಪ್ರಕಾರದ ಹೊಳವೇ ಹಾಗೆ ಹರಿಯುತ್ತದೆ. ನಾಲಪ್ಪಾಟರ ಮನೆಯ ಗ್ರಂಥಭಂಡಾರದಲ್ಲೇ ಓದಿ ಬೆಳೆದ ಸೋದರಸೊಸೆ ಬಾಲಾಮಣಿಯಮ್ಮ ಮುಂದೆ ಮಲಯಾಳದ ದೊಡ್ಡ ಕವಿಯಾದರು, ಅವರ ಮಗಳು ಮಾಧವಿಕ್ಕುಟ್ಟಿ ಹೆಣ್ಣಿನ ಮನಸ್ಸನ್ನು ಹೆಣ್ಣೇ ಬರೆಯುವ ಕಾಲವನ್ನು ತಂದರು ಎಂಬುದನ್ನು ಇದರ ಜೊತೆಯಲ್ಲೇ ನೆನೆಯಬೇಕು. ಕಣ್ಣೀರಿನ ಆ ಮನೆಯಲ್ಲೇ ಮಾತೂ ಹುಟ್ಟಿತು.

ಇದಕ್ಕೆ ಪಕ್ಕದಲ್ಲಿಟ್ಟು ಓದಬೇಕಾದ ಕವಿತೆ ಹಿಂದಿಯ ಸೂರ್ಯಕಾಂತ ತ್ರಿಪಾಠಿ ‘ನಿರಾಲಾ’ ಅವರ ‘ಸರೋಜ ಸ್ಮೃತಿ’. ಗಡಿನಾಡಿನವರಾದ ನಮಗೆ ನಿರಾಲಾ ಒಂದು ವಿಧದಲ್ಲಿ ಹತ್ತಿರದವರು. ಹಿಂದಿಯ ಈ ಕವಿ ಹುಟ್ಟಿ ಬೆಳೆದದ್ದು ಬಂಗಾಳದ ಮಹಿಷಾದಲದಲ್ಲಿ. ಸುತ್ತ ಬಂಗಾಳಿ, ಮನೆಯೊಳಗೆ ಬೈಸವಾಡದ ನುಡಿ. ಹಿಂದಿಯ ಕಡೆಗೆ ಅವರ ಮನಸ್ಸನ್ನು ತಿರುಗಿಸಿದವಳು ಹೆಂಡತಿ ಮನೋಹರಾದೇವಿ ಎಂಬ ಮಾತು ಪ್ರಸಿದ್ಧವಾಗಿದೆ. ಆಕೆ 1918ರ ಇನ್‌ಫ್ಲುಯೆಂಜಾ ಮಾರಿಗೆ ಬಲಿಯಾದಳು. ತಾಯಿಯಿಲ್ಲದ ಮಗಳು ಸರೋಜ ತಾಯಿಯ ತವರಿನಲ್ಲಿ ಅಜ್ಜಿಯ ಮಡಿಲಲ್ಲಿ ಬೆಳೆದಳು. 1935ರಲ್ಲಿ, ಹದಿನೆಂಟು ತುಂಬಿದ ಹೊಸತರಲ್ಲಿ ಅವಳೂ ತೀರಿಕೊಂಡಳು. ಅದೇ ವರ್ಷ ಬರೆದ ಈ ಕವಿತೆ ಮುಂದೆ ‘ಅನಾಮಿಕಾ’ ಸಂಕಲನದಲ್ಲಿ ಸೇರಿತು.

ನಿರಾಲಾ ಮಗಳನ್ನು ಹೇಗೆ ನೆನೆಯುತ್ತಾರೆ? ಅವಳು ಅಣ್ಣನ ಜೊತೆ ಜಗಳವಾಡಿ ಅತ್ತದ್ದು, ಗಂಗೆಯ ದಡದಲ್ಲಿ ಆಡಿದ್ದು, ತಾಯಿಯ ಇಂಪು ಅವಳ ಕೊರಳಿಗೆ ಬಂದದ್ದು ಇವೆಲ್ಲ ಅಲ್ಲಿವೆ. ಕವಿಯ ಜಾತಕದಲ್ಲಿ ಎರಡು ಮದುವೆಯ ಯೋಗವಿತ್ತು, ಎರಡನೆಯ ಮದುವೆಗೆ ಬಂಧುಗಳ ಒತ್ತಾಯವೂ ಇತ್ತು. ಕವಿ ಆ ಜಾತಕವನ್ನು ಮಗುವಿನ ಕೈಗೆ ಆಡಲು ಕೊಡುತ್ತಾರೆ, ಅದು ಹರಿದು ಚೂರಾಗುತ್ತದೆ. ಮಗುವಿನ ಆಟವೇ ತಂದೆಯ ನಿರ್ಧಾರವಾಗುವ ಈ ಭಾಗ ಎಷ್ಟು ಸರಳವೋ ಅಷ್ಟು ಗಂಭೀರ. ಅನಂತರ ಮದುವೆ. ವರದಕ್ಷಿಣೆಯಿಲ್ಲ, ದಿಬ್ಬಣವಿಲ್ಲ, ನೆಂಟರಿಗೆ ಕರೆಯೋಲೆಯಿಲ್ಲ. ಕನ್ಯಾಕುಬ್ಜ ಬ್ರಾಹ್ಮಣರ ಕುಲಾಭಿಮಾನವನ್ನು ಹಂಗಿಸಿ, ಕವಿ ತಾವೇ ಪುರೋಹಿತರಾಗಿ ಮಂತ್ರ ಹೇಳುತ್ತಾರೆ. ತಾಯಿ ಮಗಳಿಗೆ ಹೇಳಬೇಕಾದ ಬುದ್ಧಿಮಾತನ್ನೂ ತಂದೆಯೇ ಹೇಳಬೇಕಾಗುತ್ತದೆ. ಕಣ್ವ ಶಕುಂತಲೆಯರ ನೆನಪು ಬರುತ್ತದೆ. ಇದು ಬೇರೆಯೇ ಪಾಠ ಎಂದು ಕವಿಗೆ ಅನಿಸುತ್ತದೆ.

ಇವೆಲ್ಲವುಗಳ ನಡುವೆ ಕವಿ ತಮ್ಮನ್ನು ತಾವೇ ಕಟಕಟೆಗೆ ತಂದು ನಿಲ್ಲಿಸುತ್ತಾರೆ. ಗಳಿಸುವ ದಾರಿ ತಿಳಿದಿದ್ದೂ ಹಿಂಜರಿದೆ, ನಿನಗಾಗಿ ಏನನ್ನೂ ಮಾಡಲಾರದ ನಿರರ್ಥಕ ತಂದೆಯಾದೆ ಎಂಬ ಅರ್ಥದ ಮಾತುಗಳು ಕವಿತೆಯ ಮೊದಲಿಗೇ ಬರುತ್ತವೆ. ಸಂಪಾದಕರು ಮರಳಿ ಕಳಿಸಿದ ಕವಿತೆಗಳನ್ನು ಹಿಡಿದು, ಹತ್ತಿರದ ಹುಲ್ಲು ಕೀಳುತ್ತ ಕೂತ ಬಡ ಕವಿಯ ಚಿತ್ರವೂ ಇದೆ. ಕೊನೆಯಲ್ಲಿ ಮಗಳಿಗೆ ಕೊಡಲು ತನ್ನಲ್ಲಿ ಉಳಿದಿರುವುದು ಕಳೆದ ಕರ್ಮಗಳಷ್ಟೇ ಎಂದು ಅದನ್ನೇ ತರ್ಪಣವಾಗಿ ಬಿಡುತ್ತಾರೆ. ಸಾವು ವಿಧಿಯ ಆಟವೆಂದು ಕೈಚೆಲ್ಲಿದ್ದರೆ ಇದೂ ಸಾಧಾರಣ ಗೋಳಾಗುತ್ತಿತ್ತು. ಬಡತನ, ಜಾತಿಯ ಕಟ್ಟು, ಲೇಖಕನಿಗೆ ಅನ್ನ ಕೊಡದ ಸಮಾಜ, ಇವುಗಳೊಡನೆ ತನ್ನ ಹಟವನ್ನೂ ಸೇರಿಸಿ ಕವಿ ಲೆಕ್ಕ ಒಪ್ಪಿಸುತ್ತಾರೆ. ಹೀಗೆ ಲೆಕ್ಕ ಒಪ್ಪಿಸಿದ್ದರಿಂದಲೇ ಸರೋಜ ನಮಗೆ ಒಬ್ಬ ನಿಜವಾದ ಹುಡುಗಿಯಾಗಿ ಕಾಣುತ್ತಾಳೆ. ಒಂದು ಮಿತಿಯನ್ನೂ ಹೇಳಬೇಕು. ಮದುಮಗಳ ರೂಪದಲ್ಲಿ ಕವಿ ತಮ್ಮ ಅಗಲಿದ ಪತ್ನಿಯ ಚೆಲುವನ್ನು, ತಮ್ಮದೇ ಹಳೆಯ ಗೀತವನ್ನು ಕಾಣುತ್ತಾರೆ. ಆ ಗಳಿಗೆಯಲ್ಲಿ ಸರೋಜ ಸ್ವಲ್ಪ ಹೊತ್ತು ಮರೆಯಾಗುತ್ತಾಳೆ. ಮಗಳು ಏನನ್ನು ಯೋಚಿಸುತ್ತಿದ್ದಳು ಎಂಬುದು ನಮಗೆ ಕೊನೆಗೂ ತಿಳಿಯದು. ಅದನ್ನು ಹೇಳಬಲ್ಲವಳು ಅವಳೊಬ್ಬಳೇ.

ಈ ಕಾರಣದಿಂದಲೇ ಕೊಡಗಿನ ಗೌರಮ್ಮನವರು ನಮಗೆ ಮುಖ್ಯರಾಗುತ್ತಾರೆ. ಇಲ್ಲಿ ಸತ್ತವಳೇ ಬರೆದಿದ್ದಾಳೆ. ಗೌರಮ್ಮನವರು 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಮದುವೆಯಾಗಿ ಸುಂಟಿಕೊಪ್ಪದ ಕಡೆಯ ಕಾಫಿ ತೋಟದ ಬದುಕಿಗೆ ಬಂದರು. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರನ್ನು ಮನೆಗೆ ಬರಮಾಡಿಕೊಂಡು, ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. 1939ರ ಏಪ್ರಿಲ್ 13ರಂದು ಹಾರಂಗಿ ಹೊಳೆಯಲ್ಲಿ ಈಜಲು ಇಳಿದಾಗ ಸುಳಿಗೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಅವರ ಕತೆಗಳು ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳಲ್ಲಿ ಬಂದಿವೆ. ನಮ್ಮ ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಪಡುವಲಿಗೆ ಹರಿದು ಚಂದ್ರಗಿರಿಯಾಗುತ್ತಾಳೆ. ಹಾರಂಗಿ ಅದೇ ಮಲೆಸಾಲಿನಿಂದ ಮೂಡಲಿಗಿಳಿದು ಕಾವೇರಿಯನ್ನು ಸೇರುತ್ತಾಳೆ. ಆ ನಾಡು ನಮಗೆ ಘಟ್ಟದ ಆಚೆಯದಾದರೂ ದೂರದ್ದಲ್ಲ.

ದ.ರಾ. ಬೇಂದ್ರೆಯವರು ‘ಕಂಬನಿ’ಗೆ ಮುನ್ನುಡಿ ಬರೆದರು. ಗೌರಮ್ಮನವರ ಸಾವಿಗೆ ಮಿಡಿದು ‘ತಂಗಿ ಗೌರಮ್ಮ’ ಎಂಬ ಕವಿತೆಯನ್ನೂ ಬರೆದರು. ಮಕ್ಕಳ ಸಾವಿನ ನೋವನ್ನು ತಮ್ಮ ಮನೆಯಲ್ಲೇ ಮತ್ತೆ ಮತ್ತೆ ಉಂಡ ಕವಿ ಅವರು. ಅವರ ದುಃಖದ ಪ್ರಾಮಾಣಿಕತೆಯನ್ನು ಸಂಶಯಿಸುವುದು ಅಪಚಾರವೇ ಸರಿ. ಒಬ್ಬ ಹಿರಿಯ ಕವಿ ಇನ್ನೂ ಹೆಸರಾಗದ ತರುಣಿಯೊಬ್ಬಳನ್ನು ಹೀಗೆ ನೆನೆದದ್ದರಿಂದಲೇ ಆಕೆಯ ಹೆಸರು ಕನ್ನಡದ ಕಿವಿಯಲ್ಲಿ ಉಳಿಯಿತು ಎಂಬುದೂ ನಿಜ. ಆದರೂ ‘ತಂಗಿ’ ಎಂಬ ಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಅಣ್ಣ ತಂಗಿಯ ಬಂಧ ಕನ್ನಡದ ಹಾಡುಗಳಲ್ಲಿ ಅತ್ಯಂತ ಕೋಮಲವಾದುದು. ಅಪರಿಚಿತ ಹೆಣ್ಣನ್ನು ಗೌರವದಿಂದ ಹತ್ತಿರ ಕರೆದುಕೊಳ್ಳಲು ಆ ಕಾಲದ ಗಂಡಸಿಗೆ ಇದ್ದ ಮರ್ಯಾದೆಯ ದಾರಿಯೂ ಅದೇ. ಆದರೆ ತಂಗಿಯನ್ನು ನಾವು ಮುದ್ದಿಸುತ್ತೇವೆ, ಕಾಪಾಡುತ್ತೇವೆ, ಕಳೆದುಕೊಂಡಾಗ ಅಳುತ್ತೇವೆ. ತಂಗಿಯ ಜೊತೆ ವಾದ ಮಾಡುವುದು ಕಡಿಮೆ. ಕತೆಗಾರ್ತಿಯೊಡನೆ ಆಗಬೇಕಾದದ್ದು ವಾದವೇ.

ಗೌರಮ್ಮನವರಿಗೆ ಎಷ್ಟು ಹೆಸರುಗಳೆಂಬುದನ್ನು ನೋಡಿ. ಬರೆಯುವಾಗ ಅವರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಅದು ಗಂಡನ ಹೆಸರು. ಸಾಹಿತ್ಯ ಚರಿತ್ರೆಯಲ್ಲಿ ‘ಕೊಡಗಿನ ಗೌರಮ್ಮ’. ಅದು ನಾಡಿನ ಹೆಸರು. ಬೇಂದ್ರೆಯವರ ಕವಿತೆಯಲ್ಲಿ ‘ತಂಗಿ ಗೌರಮ್ಮ’. ಅದು ಅಣ್ಣ ಕೊಟ್ಟ ಹೆಸರು. ಮೂರೂ ಪ್ರೀತಿಯ ಹೆಸರುಗಳೇ. ಆದರೆ ಗಂಡನ, ಊರಿನ, ಅಣ್ಣನ ಆಸರೆಯಿಲ್ಲದೆ ಬರಿಯ ಗೌರಮ್ಮನಾಗಿ ಅವರನ್ನು ಗುರುತಿಸಲು ನಮಗೆ ಬಹಳ ಕಾಲ ಹಿಡಿಯಿತು.

ಕತೆಗಳ ಕಡೆಗೆ ಬಂದರೆ ಸಂಕಲನದ ಹೆಸರಿಗೂ ಕತೆಗಳ ಹೆಸರಿಗೂ ಇರುವ ಅಂತರ ಎದ್ದು ಕಾಣುತ್ತದೆ. ‘ಕಂಬನಿ’ ಎಂದಾಗ ಓದುಗ ಕರವಸ್ತ್ರ ಹಿಡಿದು ಕೂರುತ್ತಾನೆ. ಕತೆಗಳ ಹೆಸರುಗಳಾದರೋ ‘ಅಪರಾಧಿ ಯಾರು?’, ‘ವಾಣಿಯ ಸಮಸ್ಯೆ’, ‘ಆಹುತಿ’. ಒಂದು ಪ್ರಶ್ನೆ, ಒಂದು ಸಮಸ್ಯೆ, ಇನ್ನೊಂದು ಬಲಿಯ ನೇರ ಹೆಸರು. ವಿಧವೆಯರ ಪಾಡು, ಇಷ್ಟವಿಲ್ಲದ ಮದುವೆ, ಗಂಡಸಿನ ವಂಚನೆ, ಜಾತಿಮತಗಳ ಗೋಡೆಗೆ ಬಡಿದು ನಿಲ್ಲುವ ಪ್ರೀತಿ ಇವು ಮತ್ತೆ ಮತ್ತೆ ಬರುವ ವಸ್ತುಗಳು. 1930ರ ದಶಕದಲ್ಲಿ ಈ ವಸ್ತುಗಳನ್ನು ಗಂಡಸರೂ ಬರೆಯುತ್ತಿದ್ದರು. ಅವರಲ್ಲಿ ಬಹುಮಂದಿ ಬರೆದದ್ದು ಸುಧಾರಕರ ದೃಷ್ಟಿಯಿಂದ. ಹೆಣ್ಣು ಅಲ್ಲಿ ಕರುಣೆಗೆ ಪಾತ್ರಳು. ಗೌರಮ್ಮನವರಲ್ಲಿ ಹೆಣ್ಣು ಕರುಣೆ ಬೇಡುವುದಕ್ಕಿಂತ ಹೆಚ್ಚಾಗಿ ಲೆಕ್ಕ ಕೇಳುತ್ತಾಳೆ. ‘ಅಪರಾಧಿ ಯಾರು?’ ಎಂಬ ಹೆಸರಿನ ಕೊನೆಯಲ್ಲಿರುವ ಪ್ರಶ್ನಾರ್ಥಕ ಚಿಹ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ಸಮಾಜ ಯಾರನ್ನು ಅಪರಾಧಿ ಎಂದು ಹೊರದೂಡಿದೆಯೋ ಅವಳ ಕಡೆಯಿಂದ ತಿರುಗಿ ಬಂದ ಪ್ರಶ್ನೆ ಅದು. ಭಾಗೀರತಿಗೆ ಕೇಳಲಾಗದ್ದನ್ನು, ಮುಚ್ಚಿಲೋಟ್ಟಿನ ಕನ್ಯೆ ಬೆಂಕಿಯಲ್ಲಿ ನಿಂತು ಕೇಳಿದ್ದನ್ನು ಇಲ್ಲಿ ಕಾಫಿ ತೋಟದ ಮನೆಯೊಂದರಲ್ಲಿ ಕೂತ ತರುಣಿ ಕಾಗದದ ಮೇಲೆ ಕೇಳಿದ್ದಾಳೆ.

ಹಾಗೆಂದು ಗೌರಮ್ಮನವರ ಎಲ್ಲ ಕತೆಗಳೂ ಸಮನಾದ ಶಕ್ತಿಯವು ಎನ್ನುವಂತಿಲ್ಲ. ಕೆಲವೆಡೆ ಆಕಸ್ಮಿಕಗಳು ಹೆಚ್ಚು, ಕೆಲವೆಡೆ ಭಾವುಕತೆ ಕತೆಯನ್ನು ದಡ ಮುಟ್ಟಲು ಬಿಡುವುದಿಲ್ಲ. ಇಪ್ಪತ್ತರ ಹರೆಯದ ಬರವಣಿಗೆಯಲ್ಲಿ ಅದು ಸಹಜ. ಆದರೆ ಇಲ್ಲೊಂದು ವಿಮರ್ಶೆಯ ನೀತಿಯ ಪ್ರಶ್ನೆ ಇದೆ. ಬೇಗ ಸತ್ತವಳೆಂದು ದೋಷಗಳನ್ನು ಹೇಳದೆ ಬಿಡುವುದು ಔದಾರ್ಯದಂತೆ ಕಂಡರೂ ನಿಜಕ್ಕೆ ಅದು ಅನಾದರ. ದೋಷ ಹೇಳಿಸಿಕೊಳ್ಳುವ ಅರ್ಹತೆ ಇರುವುದು ಬರಹಗಾರರಿಗೆ ಮಾತ್ರ. ತೀರಿಕೊಂಡ ತಂಗಿಯ ದೋಷವನ್ನು ಯಾರೂ ಹೇಳುವುದಿಲ್ಲ. ಗೌರಮ್ಮನವರನ್ನು ‘ಬದುಕಿದ್ದರೆ ಏನೇನು ಬರೆಯುತ್ತಿದ್ದರೋ’ ಎಂಬ ನಿಟ್ಟುಸಿರಿನಲ್ಲಿಯೇ ಮುಗಿಸಿಬಿಡುವ ಬರಹಗಳು ಎಷ್ಟೋ. ಬರೆಯದೆ ಹೋದ ಕತೆಗಳಿಗಾಗಿ ಅಳುವ ನಾವು ಬರೆದಿಟ್ಟ ಕತೆಗಳನ್ನು ಓದಿದ್ದೇವೆಯೇ?

ಸಾವಿನ ರೀತಿಯೂ ಓದಿನ ದಾರಿ ತಪ್ಪಿಸುವುದುಂಟು. ಹೊಳೆಯ ಸುಳಿ ಒಂದು ಸಿದ್ಧವಾದ ರೂಪಕವಾಗಿಬಿಡುತ್ತದೆ. ಕತೆಗಳಲ್ಲಿ ಬರುವ ದುರಂತಗಳನ್ನೆಲ್ಲ ಆ ಸುಳಿಯ ಮುನ್ಸೂಚನೆಯಾಗಿ ಓದುವ ಚಪಲ ಬರುತ್ತದೆ. ಈಜು ಬಲ್ಲ ಹೆಣ್ಣು, ಆ ಕಾಲದಲ್ಲಿ ಹೊಳೆಗೆ ಧೈರ್ಯದಿಂದ ಇಳಿಯುತ್ತಿದ್ದ ಹೆಣ್ಣು, ಒಂದು ದಿನ ಅಪಘಾತದಲ್ಲಿ ಮುಳುಗಿದಳು. ಅದರಲ್ಲಿ ವಿಧಿಯ ಬರಹವನ್ನು ಹುಡುಕುವುದಕ್ಕಿಂತ ಅವಳು ಈಜುತ್ತಿದ್ದಳು ಎಂಬುದನ್ನು ನೆನೆಯುವುದು ಹೆಚ್ಚು ನ್ಯಾಯ.

ಮಲಯಾಳದಲ್ಲಿ ರಾಜಲಕ್ಷ್ಮಿಯವರಿಗೆ ಆದದ್ದೂ ಇದೇ. 1930ರಲ್ಲಿ ಚೆರ್ಪುಳಶ್ಶೇರಿಯಲ್ಲಿ ಹುಟ್ಟಿದ ಅವರು ಭೌತಶಾಸ್ತ್ರದ ಅಧ್ಯಾಪಕಿ. ‘ಒರು ವಳಿಯುಂ ಕುರೇ ನಿಳಲುಗಳುಂ’ ಕಾದಂಬರಿಗೆ 1960ರ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಉಚ್ಚವೆಯಿಲುಂ ಇಳಂ ನಿಲಾವುಂ’ ಎಂಬ ಧಾರಾವಾಹಿ ‘ಮಾತೃಭೂಮಿ’ ವಾರಪತ್ರಿಕೆಯಲ್ಲಿ ಬರುತ್ತಿದ್ದುದು ನಡುವಿನಲ್ಲೇ ನಿಂತುಹೋಯಿತು. 1965ರ ಜನವರಿ 18ರಂದು, ಮೂವತ್ತೈದು ತುಂಬುವ ಮೊದಲೇ, ಅವರು ಜೀವ ಕಳೆದುಕೊಂಡರು. ಅಂದಿನಿಂದ ಅವರ ಬಗ್ಗೆ ಮಾತು ಬಂದಾಗಲೆಲ್ಲ ಮೊದಲ ಪ್ರಶ್ನೆ ‘ಏಕೆ ಸತ್ತರು’ ಎಂಬುದೇ. ‘ಏನು ಬರೆದರು’ ಎಂಬುದು ಎರಡನೆಯದು. ಇದನ್ನು ಇಡಪ್ಪಳ್ಳಿ ರಾಘವನ್ ಪಿಳ್ಳೆಯವರ ನೆನಪಿನೊಡನೆ ಹೋಲಿಸಿ ನೋಡಬಹುದು. 1936ರಲ್ಲಿ ಆ ತರುಣ ಕವಿ ತೀರಿಕೊಂಡಾಗ ಗೆಳೆಯ ಚಙ್ಙಂಪುಳ ಅದೇ ವರ್ಷ ‘ರಮಣನ್’ ಬರೆದರು. ಮಲಯಾಳದ ಮನೆಮನೆಯಲ್ಲಿ ಹಾಡಿದ ಕಾವ್ಯ ಅದು. ಅಲ್ಲಿ ಸತ್ತ ಗಂಡು ನಾಯಕನಾದ, ಅವನನ್ನು ತೊರೆದ ಚಂದ್ರಿಕೆ ತಪ್ಪಿತಸ್ಥೆಯಾದಳು. ಗಂಡು ಸತ್ತರೂ ಹೆಣ್ಣು ಸತ್ತರೂ ಲೆಕ್ಕ ಹೆಣ್ಣಿನ ಬಾಗಿಲಿಗೇ ಬಂದು ನಿಲ್ಲುವ ಈ ಪರಿಪಾಠವನ್ನು ನಮ್ಮ ಎರಡೂ ಭಾಷೆಗಳ ವಿಮರ್ಶೆ ಇನ್ನಷ್ಟು ಖಚಿತವಾಗಿ ಗುರುತಿಸಬೇಕಾಗಿದೆ.

ಒಳ್ಳೆಯ ಲಕ್ಷಣಗಳೂ ಇಲ್ಲದಿಲ್ಲ. ಕೊಡಗಿನ ಲೇಖಕಿಯರಿಗೆ ಗೌರಮ್ಮನವರ ಹೆಸರಿನಲ್ಲಿ ದತ್ತಿನಿಧಿ ಪ್ರಶಸ್ತಿಯೊಂದು ಸಲ್ಲುತ್ತ ಬಂದಿದೆ. ಮಡಿಕೇರಿಯವರೇ ಆದ ದೀಪಾ ಭಾಸ್ತಿಯವರು ಗೌರಮ್ಮನವರ ಕತೆಗಳನ್ನು ಇಂಗ್ಲಿಷಿಗೆ ಅನುವಾದಿಸಿದ್ದು 2023ರಲ್ಲಿ ಪ್ರಕಟವಾಯಿತು. ಬಾನು ಮುಷ್ತಾಕ್ ಅವರ ಕತೆಗಳ ಅನುವಾದಕ್ಕಾಗಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಲೇಖಕಿಯೊಡನೆ ಹಂಚಿಕೊಂಡವರೂ ಇವರೇ. ಒಬ್ಬ ಹೆಣ್ಣಿನ ಕತೆಯನ್ನು ಇನ್ನೊಬ್ಬ ಹೆಣ್ಣು ಸಾಲು ಸಾಲಾಗಿ ಕೂತು ಮತ್ತೊಂದು ಭಾಷೆಗೆ ತರುವುದಿದೆಯಲ್ಲ, ಅದು ಸ್ಮರಣೆಯ ಅತ್ಯಂತ ಗಟ್ಟಿಯಾದ ರೂಪ. ಅನುವಾದಕಿಗೆ ನಿಟ್ಟುಸಿರು ಬಿಟ್ಟು ಮುಂದೆ ಹೋಗುವ ಅವಕಾಶವಿಲ್ಲ. ಪ್ರತಿಯೊಂದು ಪದದೆದುರೂ ನಿಲ್ಲಲೇಬೇಕು.

ಈ ಮಾತು ಕಾಸರಗೋಡಿನ ಕನ್ನಡ ಮನೆಗಳಿಗೆ ಬೇರೆಯವರಿಗಿಂತ ಹೆಚ್ಚಾಗಿ ಅನ್ವಯಿಸುತ್ತದೆ. ನಮ್ಮಲ್ಲಿ ಮನೆಮಾತು ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಮರಾಠಿಯೋ ಆಗಿದ್ದರೂ ಬರೆಯುವ ಭಾಷೆ ಕನ್ನಡವೇ ಆಗಿತ್ತು. 1956ರ ನವೆಂಬರ್ ಒಂದರ ನಂತರವೂ ನಮ್ಮ ತಾಯಂದಿರು, ಅಕ್ಕಂದಿರು ಕನ್ನಡ ಶಾಲೆಗೆ ಹೋದರು, ಕನ್ನಡದಲ್ಲಿ ಪತ್ರ ಬರೆದರು, ಶೋಭಾನೆ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಇಳಿಸಿಕೊಂಡರು. ಅವರಲ್ಲಿ ಬೇಗ ಅಗಲಿದವರೂ ಇದ್ದಾರೆ. ಅಟ್ಟದ ಪೆಟ್ಟಿಗೆಯಲ್ಲಿ ಅವರ ಅಕ್ಷರ ಉಳಿದಿರುತ್ತದೆ. ಮನೆಯ ಹೊಸ ತಲೆಮಾರು ಕನ್ನಡವನ್ನು ಮಾತಿನಲ್ಲಿ ಬಲ್ಲುದು, ಓದಿನಲ್ಲಿ ಬಲ್ಲುದೆಂದು ಎಲ್ಲೆಡೆಯೂ ಹೇಳುವಂತಿಲ್ಲ. ಓದುವವರಿಲ್ಲದ ದಿನ ಆ ಅಕ್ಷರ ಬರಿಯ ಗೀಟಾಗುತ್ತದೆ. ತೀರಿಕೊಂಡವಳು ಆಗ ಎರಡನೆಯ ಸಲ ತೀರಿಕೊಳ್ಳುತ್ತಾಳೆ. ಈ ಎರಡನೆಯ ಸಾವಿಗೆ ವಿಧಿಯನ್ನು ದೂರಲು ಬರುವುದಿಲ್ಲ.

ಹೀಗಾಗಿ ನಾವು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಸ್ಮರಣ ಸಂಚಿಕೆ ತರುವವರು ಅಗಲಿದವಳ ಗುಣಗಾನದ ಪುಟಗಳ ನಡುವೆ ಅವಳ ಕೈಬರಹದ ಒಂದು ಪುಟವನ್ನು, ಒಂದು ಪತ್ರವನ್ನು, ಅವಳು ಬರೆದಿಟ್ಟ ಒಂದು ಹಾಡನ್ನು ಅಚ್ಚು ಮಾಡಲಿ. ಎರಡು ಭಾಷೆಗಳಲ್ಲಿ ಬರುವ ಇಂಥ ವಾರ್ಷಿಕಗಳು ಗೌರಮ್ಮನವರ ಒಂದು ಕತೆಯನ್ನು ಮಲಯಾಳದಲ್ಲಿ, ರಾಜಲಕ್ಷ್ಮಿಯವರ ಒಂದು ಕತೆಯನ್ನು ಕನ್ನಡದಲ್ಲಿ ಎದುರುಬದುರು ಹಾಕಲಿ. ಎರಡೂ ಭಾಷೆ ಬಲ್ಲ ಹೆಣ್ಣುಮಕ್ಕಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಕೆಲಸವನ್ನು ಅವರಿಗಿಂತ ಚೆನ್ನಾಗಿ ಮಾಡಬಲ್ಲವರು ತಿರುವನಂತಪುರದಲ್ಲಿಯೂ ಸಿಗಲಾರರು, ಬೆಂಗಳೂರಿನಲ್ಲಿಯೂ ಸಿಗಲಾರರು.

ಅಳು ಬೇಡವೆಂದು ಯಾರೂ ಹೇಳುವಂತಿಲ್ಲ. ನಾಲಪ್ಪಾಟರ ಕಣ್ಣೀರು, ನಿರಾಲಾ ಅವರ ತರ್ಪಣ, ಬೇಂದ್ರೆಯವರ ಅಣ್ಣತನ ಇವೆಲ್ಲ ನಮ್ಮ ಭಾಷೆಗಳ ಸಂಪತ್ತು. ಆದರೆ ಕಣ್ಣೀರು ತುಂಬಿದ ಕಣ್ಣಿಗೆ ಅಕ್ಷರ ಮಸುಕಾಗಿ ಕಾಣುತ್ತದೆ. ಗೌರಮ್ಮನವರು ಕೇಳಿದ ‘ಅಪರಾಧಿ ಯಾರು?’ ಎಂಬ ಪ್ರಶ್ನೆ ಇನ್ನೂ ಉತ್ತರಕ್ಕಾಗಿ ಕಾದಿದೆ. ಕಣ್ಣೊರೆಸಿಕೊಂಡು ಓದಿದವರಿಗೆ ಅದು ಕಾಣುತ್ತದೆ.